ಪೆಟ್ಟಿಗೆಯ ಬಾಯಿಗೆ ಬಟ್ಟೆ

ಬಸ್ಸಿನ ಮೈಯೆಲ್ಲ ತೊಳೆದಾದ ಮೇಲೆ ಉಳಿದದ್ದು ಎಡಗಡೆಯ ಕನ್ನಡಿ ಒಂದೇ. ಅಕ್ಕ ಮಣ್ಣುನೀರನ್ನು ಚರಂಡಿಗೆ ಚೆಲ್ಲಿ, ನಲ್ಲಿಯಿಂದ ಹೊಸ ನೀರು ಹಿಡಿದು ತಂದು, ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ಸ್ಟೂಲಿನ ಮೇಲೆ ನಿಂತು, ಹಸುಗೂಸಿನ ಮುಖ ಒರೆಸುವಷ್ಟು ನಿಧಾನವಾಗಿ ಕನ್ನಡಿ ಒರೆಸತೊಡಗಿದಳು. ಡಿಪೋದ ಬೇರೆ ಬಸ್ಸುಗಳ ಕನ್ನಡಿಗೆ ಒಂದು ಸಲ ಬಟ್ಟೆ ಆಡಿಸಿದರೆ ಮುಗಿಯಿತು. ಈ ಬಸ್ಸಿನದು ಮಾತ್ರ ಹಾಗಲ್ಲ.

“ಎಷ್ಟು ಉಜ್ತೀಯಾ ಅಕ್ಕಾ, ಸವೆದು ತೂತು ಬಿದ್ದೀತು!” ಡ್ರೈವರ್ ಟೀ ಲೋಟ ಹಿಡಿದು ಕೆಳಗೆ ನಿಂತಿದ್ದ.

“ಸವೀಲಿ ಬಿಡು ತಮ್ಮಾ. ನೋಡೋರಿಗೆ ಚೆನ್ನಾಗಿ ಕಾಣ್ಲಿ ಅಂತ.”

“ನೋಡೋನು ನಾನೊಬ್ಬನೇ ತಾನೆ?”

“ಅದಕ್ಕೇ ಹೇಳಿದ್ದು.”

ಅವನು ನಕ್ಕ. ನಗುವಾಗ ಅವನ ಪೊದೆಮೀಸೆ ಮೂಗಿನವರೆಗೂ ಏರುತ್ತಿತ್ತು. ಆ ಮೀಸೆಯಿಂದಲೇ ಡಿಪೋದಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಬಾಯಿ ತುಂಬ ಮಾತು, ಕಿಸೆ ತುಂಬ ಪೆಪ್ಪರಮಿಂಟು, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ‘ಅಪಘಾತವಿಲ್ಲದ ಚಾಲಕ’ ಎಂದು ಅದರ ಮೇಲೆ ಕೆತ್ತಿತ್ತು. ಅವನು ಎದುರಿಗೆ ಬಂದಾಗಲೆಲ್ಲ ಅಕ್ಕನ ಕಣ್ಣು ಮುಖಕ್ಕಿಂತ ಮೊದಲು ಆ ಬಿಲ್ಲೆಯ ಮೇಲೆ ಬೀಳುತ್ತಿತ್ತು.

ಅವಳ ಮಗ ಬೈಕಿನಲ್ಲಿ ಪಾರ್ಸೆಲ್ ಹಂಚುವವನು. ಒಂದು ಮಧ್ಯಾಹ್ನ ಸಿಗ್ನಲ್ಲಿನ ಹತ್ತಿರ ಬಸ್ಸೊಂದರ ಎಡಪಕ್ಕದಲ್ಲಿ ನಿಂತಿದ್ದ. ಬಸ್ಸು ಎಡಕ್ಕೆ ತಿರುಗಿತು. ಅವನು ಕೂಗಿದ, ಬಸ್ಸಿನ ತಗಡು ಬಡಿದ, ಆಮೇಲೆ ಚಕ್ರದ ಅಡಿಗೆ ಹೋದ. ಜೀವ ಉಳಿಯಿತು, ಬಲಮೊಣಕಾಲು ಮಡಚುವುದನ್ನು ಮರೆತುಬಿಟ್ಟಿತು. ವಿಚಾರಣೆಯಲ್ಲಿ ಡ್ರೈವರ್ ಹೇಳಿದ್ದು ಇಷ್ಟು: ಕನ್ನಡಿ ನೋಡಿದೆ, ಯಾರೂ ಇರಲಿಲ್ಲ, ಹುಡುಗನೇ ಎಲ್ಲಿಂದಲೋ ನುಗ್ಗಿದ. ಅದನ್ನೇ ಬರೆದುಕೊಂಡರು. ತಪ್ಪು ಸವಾರನದು, ಆದ್ದರಿಂದ ಡ್ರೈವರನ ಲೆಕ್ಕಕ್ಕೆ ಅಪಘಾತವೇ ಇಲ್ಲ. ಆ ದಿನ ಅಕ್ಕ ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹೊರಗೆ ಬಂದ ಮೀಸೆ ಯಾರೊಡನೆಯೋ ಏನೋ ಹೇಳಿ ನಗುತ್ತ ಅವಳ ಕಾಲು ದಾಟಿಕೊಂಡು ಹೋದ. ಆಸ್ಪತ್ರೆಯ ಕಡೆಗೆ ತಲೆ ಹಾಕಿದವನಲ್ಲ. ಮಗ ಅವನ ಮುಖ ಕೂಡ ನೋಡಿಲ್ಲ.

ಮಗ ಕಾಲು ಎಳೆದುಕೊಂಡು ಮತ್ತೆ ಬೈಕ್ ಹತ್ತಿದ ವಾರವೇ ಅಕ್ಕ ಈ ಡಿಪೋದಲ್ಲಿ ಬಸ್ ತೊಳೆಯುವ ಕೆಲಸ ಕೇಳಿಕೊಂಡು ಬಂದಳು. ಕೂಲಿ ಕಡಿಮೆ ಅಂದರು. ಪರವಾಗಿಲ್ಲ ಅಂದಳು. ಬಸ್ ಕಾರ್ಪೊರೇಷನ್ನಿನ ದೊಡ್ಡ ಆಫೀಸಿಗೆ ಅವಳು ಬರೆದಿಟ್ಟ ದೂರಿನ ಕಾಗದವೊಂದು ಮನೆಯಲ್ಲಿ ಬಿಸ್ಕತ್ತಿನ ಡಬ್ಬದೊಳಗಿತ್ತು, ಲಕೋಟೆಗೆ ವಿಳಾಸ ಬರೆದು, ಸ್ಟಾಂಪು ಅಂಟಿಸಿ. ಬಸ್ ತೊಳೆಯುವವಳ ಬರೀ ಬಾಯಿಮಾತಿನ ಕಾಗದ ಕಸದ ಬುಟ್ಟಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ಕಳಿಸುವ ದಿನ ತಾನಾಗಿ ಬರಬೇಕು. ಮೀಸೆ ಎತ್ತರಕ್ಕೆ ಏರಿ ನಿಂತಿರಬೇಕು, ಎಲ್ಲರೂ ನೋಡುತ್ತಿರಬೇಕು, ಆಗ ಬೀಳಬೇಕು. ಅಲ್ಲಿಯವರೆಗೆ ಅವಳು ಅವನ ಬಸ್ಸು ತೊಳೆಯುತ್ತಾಳೆ, ಅವನ ಪೆಪ್ಪರಮಿಂಟು ತೆಗೆದುಕೊಳ್ಳುತ್ತಾಳೆ, ಮನೆಗೆ ಹೋಗುವ ದಾರಿಯಲ್ಲಿ ಉಗಿಯುತ್ತಾಳೆ.

ಅಂಥ ಹೊತ್ತಿಗೆ ಡಿಪೋಗೆ ಪೆಟ್ಟಿಗೆಗಳು ಬಂದವು.

ತಂದವಳು ಒಬ್ಬಳು ಇಂಜಿನಿಯರ್ ಹುಡುಗಿ. ಎಲ್ಲರೂ ಅವಳನ್ನು ಪೆಟ್ಟಿಗೆ ಮೇಡಂ ಅನ್ನತೊಡಗಿದರು. ಕ್ಯಾಂಟೀನಿನ ಮೇಜಿನ ಮೇಲೆ ಎರಡು ಟೀ ಲೋಟ ಇಟ್ಟು ಅವಳು ಡ್ರೈವರುಗಳಿಗೆ ವಿವರಿಸುವಾಗ ಅಕ್ಕ ಪಕ್ಕದಲ್ಲೇ ನೆಲ ಒರೆಸುತ್ತಿದ್ದಳು.

“ಇದು ಬಸ್ಸು, ಇದು ಬೈಕು. ಬೈಕಿನ ಪೆಟ್ಟಿಗೆ ‘ನಾನಿಲ್ಲಿದೀನಿ, ನಾನಿಲ್ಲಿದೀನಿ’ ಅಂತ ಸುಮ್ಮನೆ ಹೇಳ್ತಾನೇ ಇರುತ್ತೆ. ನಮ್ಮ ಕಿವಿಗೆ ಕೇಳಲ್ಲ, ಬಸ್ಸಿನ ಪೆಟ್ಟಿಗೆಗೆ ಕೇಳುತ್ತೆ. ಗೋಡೆ ಹಿಂದೆ ಇದ್ರೂ, ನಿಮ್ಮ ಕನ್ನಡಿಗೆ ಕಾಣದ ಜಾಗದಲ್ಲಿದ್ರೂ ಕೇಳುತ್ತೆ. ಹತ್ತಿರ ಬಂತು ಅಂದ ಕೂಡ್ಲೇ ನಿಮ್ಮ ಪೆಟ್ಟಿಗೆ ಅರಚುತ್ತೆ. ನೀವು ಬ್ರೇಕ್ ಹಾಕ್ತೀರಿ.”

“ನಾವೇನು ಕುರುಡರಾ ಮೇಡಂ?” ಮೀಸೆ ಕೇಳಿದ. ಎಲ್ಲರೂ ನಕ್ಕರು.

ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. “ಇದನ್ನ ಮೊದಲು ಮಾಡಿದ್ದು ಕಾರುಗಳಿಗೆ. ಕಾರಿಗೆ ಹೊಲಿದ ಅಂಗೀನ ಈಗ ಬೈಕಿಗೆ ತೊಡಿಸ್ತಾ ಇದೀವಿ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ನೀವು ಹೇಳಿದ್ರೆ ಮಾತ್ರ ನನಗೆ ಗೊತ್ತಾಗೋದು. ಸುಳ್ಳು ಮಾತ್ರ ಹೇಳ್ಬೇಡಿ. ಕಷ್ಟ ಆದ್ರೆ ಕಷ್ಟ ಅನ್ನಿ.”

ಕಷ್ಟ ಬೇಗನೇ ಆಯಿತು. ಯಾರೂ ಹೇಳಲಿಲ್ಲ. ಪಾರ್ಸೆಲ್ ಕಂಪನಿಯ ಬೈಕುಗಳಿಗೆಲ್ಲ ಪೆಟ್ಟಿಗೆ ಕೂಡಿಸಿದ್ದರು, ಬ್ಯಾಟರಿಗೆ ನೇರವಾಗಿ ತಂತಿ ಎಳೆದು. ಬೀಗ ಹಾಕಿ ನಿಲ್ಲಿಸಿದ ಬೈಕು ಕೂಡ ನಾನಿಲ್ಲಿದೀನಿ ಅನ್ನುತ್ತಲೇ ಇತ್ತು. ಕಾರುಗಳಾದರೆ ಒಂದೊಂದಾಗಿ ನಿಲ್ಲುತ್ತವೆ. ಬೈಕುಗಳು ಕುರಿಮಂದೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಅಂಥ ಬೀದಿ ದಾಟುವಾಗ ಬಸ್ಸಿನ ಪೆಟ್ಟಿಗೆ ಉಸಿರು ತೆಗೆದುಕೊಳ್ಳದೆ ಅರಚುತ್ತಿತ್ತು. ಪ್ರಯಾಣಿಕರು ಬೈದರು, ಮಕ್ಕಳು ಅತ್ತವು, ಬಸ್ಸುಗಳು ತಡವಾದವು. ಡಿಪೋ ಸಾಹೇಬರು ತಡವಾದದ್ದನ್ನಷ್ಟೇ ನೋಡಿ, “ಏನಾದ್ರೂ ಮಾಡ್ಕೊಳ್ಳಿ, ಟೈಮಿಗೆ ಬನ್ನಿ” ಅಂದುಬಿಟ್ಟರು.

“ಅಕ್ಕಾ, ಒಂದು ಮೆತ್ತನೆ ಬಟ್ಟೆ ಇದ್ರೆ ಕೊಡು,” ಒಂದು ಸಂಜೆ ಮೀಸೆ ಬಂದು ಕೇಳಿದ.

“ಯಾಕಪ್ಪ, ಮೀಸೆ ಒರೆಸ್ಕೊಳ್ಳೋಕಾ?”

“ಈ ಪಿಶಾಚಿ ಬಾಯಿ ಮುಚ್ಚೋಕೆ. ನಿಂತ ಬೈಕಿಗೂ ಅರಚುತ್ತೆ, ಕೆಟ್ಟು ಮಲಗಿದ ಬೈಕಿಗೂ ಅರಚುತ್ತೆ. ಮದುವೆಯಾದಾಗಿಂದ ನನ್ನ ಹೆಂಡ್ತಿನೂ ಇಷ್ಟು ಕೂಗಿಲ್ಲ.”

“ಮೇಡಂಗೆ ಹೇಳ್ಬಾರ್ದಾ?”

“ಹೇಳಿದೋನು ಕೆಟ್ಟ. ಎಲ್ರೂ ತುರುಕಿದಾರೆ ಬಿಡು. ಒಬ್ಬ ಹತ್ತಿ, ಒಬ್ಬ ಸ್ಪಂಜು. ದೀಪ ಉರೀತಿರುತ್ತೆ, ನೋಡೋರಿಗೆ ಎಲ್ಲ ಸರಿಯಾಗೇ ಕಾಣುತ್ತೆ.”

ಅಕ್ಕನ ಬಕೆಟ್ಟಿನ ಅಂಚಿನ ಮೇಲೆಯೇ ಬಟ್ಟೆಗಳು ನೇತಾಡುತ್ತಿದ್ದವು. ಅವಳು ಅವನ್ನು ಮುಟ್ಟಲಿಲ್ಲ. ಒಳಗೆ ಏನೋ ಮೆಲ್ಲಗೆ ಕಣ್ಣು ಬಿಟ್ಟಿತು.

“ಇವೆಲ್ಲ ಗ್ರೀಸು ಹತ್ತಿದ್ದು ತಮ್ಮಾ. ನಾಳೆ ಮನೆಯಿಂದ ತರ್ತೀನಿ. ನಿನಗೇ ಅಂತ ಒಳ್ಳೇ ಬಟ್ಟೆ ತರ್ತೀನಿ.”

ಮನೆಗೆ ಹೋದವಳೇ ಟ್ರಂಕಿನ ತಳದಿಂದ ನೀಲಿ ಚೌಕಳಿಯ ಅಂಗಿ ತೆಗೆದಳು. ಬಸ್ಸಿನ ಅಡಿಗೆ ಹೋದ ದಿನ ಮಗ ತೊಟ್ಟಿದ್ದ ಅಂಗಿ. ಎಷ್ಟು ಒಗೆದರೂ ತೋಳಿನ ಕಲೆ ಕಂದು ಬಣ್ಣಕ್ಕೆ ಇಳಿದಿತ್ತೇ ಹೊರತು ಹೋಗಿರಲಿಲ್ಲ. ತೋಳನ್ನು ಕತ್ತರಿಸಿ ಮಡಚಿಟ್ಟುಕೊಂಡಳು. ಉಳಿದ ಅಂಗಿಯನ್ನು ಸಾಕ್ಷಿಗೆಂದು ಚೀಲಕ್ಕೆ ಹಾಕಿಕೊಂಡಳು. ಮರುದಿನ ಮೀಸೆ ಆ ತೋಳನ್ನು ಕೈಯಲ್ಲಿ ಹಿಡಿದು, “ಆಹಾ, ಎಷ್ಟು ಮೆತ್ತಗಿದೆ ಅಕ್ಕಾ!” ಅಂದ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಒಳಗೆ ತುರುಕಿದ. ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಇನ್ನು ಅವಸರವಿರಲಿಲ್ಲ. ಹಣ್ಣು ಕೈಗೆ ಬಂದಿತ್ತು, ಕಳಿಯುವುದಷ್ಟೇ ಬಾಕಿ.

ದೊಡ್ಡ ಆಫೀಸಿನಿಂದ ಅಧಿಕಾರಿಗಳು ಡಿಪೋಗೆ ಬರುತ್ತಾರೆ, ಅವರೆದುರು ಪೆಟ್ಟಿಗೆಯ ಪರೀಕ್ಷೆ ನಡೆಯುತ್ತದೆ ಎಂಬ ಸುದ್ದಿ ಬಂತು. ವರ್ಕ್‌ಶಾಪಿನ ಗೋಡೆಯ ಮೂಲೆಯಲ್ಲಿ ಬಸ್ಸು ತಿರುಗಬೇಕು. ಗೋಡೆಯ ಆಚೆಯಿಂದ, ಪೆಟ್ಟಿಗೆ ಕಟ್ಟಿದ ಒಂದು ತಳ್ಳುಗಾಡಿಯನ್ನು ಹಗ್ಗದಲ್ಲಿ ಎಳೆದು ತರುತ್ತಾರೆ. ಕಣ್ಣಿಗೆ ಕಾಣುವ ಮೊದಲೇ ಬಸ್ಸಿನ ಪೆಟ್ಟಿಗೆ ಅರಚಬೇಕು, ಬಸ್ಸು ನಿಲ್ಲಬೇಕು. ಬಸ್ಸು ನಡೆಸುವವನು ಯಾರು? ಎದೆಯ ಮೇಲೆ ಬಿಲ್ಲೆ ಇದ್ದವನೇ.

ಅಕ್ಕ ಮನಸ್ಸಿನಲ್ಲೇ ಅದನ್ನು ಎಷ್ಟು ಸಲ ನೋಡಿದಳೋ. ಬಸ್ಸು ತಳ್ಳುಗಾಡಿಯನ್ನು ಅಪ್ಪಚ್ಚಿ ಮಾಡುತ್ತದೆ. ಮುಚ್ಚಳ ಬಿಚ್ಚುತ್ತಾರೆ. ನೀಲಿ ಚೌಕಳಿ ಹೊರಗೆ ಬರುತ್ತದೆ. ಅವಳು ಚೀಲದಿಂದ ತೋಳಿಲ್ಲದ ಅಂಗಿ ತೆಗೆದು ಅದರ ಪಕ್ಕಕ್ಕೆ ಇಡುತ್ತಾಳೆ. ಆ ಸಂಜೆ ಬಿಸ್ಕತ್ತಿನ ಡಬ್ಬದ ಕಾಗದ ಹೊರಡುತ್ತದೆ.

ಪರೀಕ್ಷೆಯ ಬೆಳಿಗ್ಗೆ ಅವಳು ಬಸ್ಸಿನ ಒಳಗೆ ನೆಲ ಒರೆಸುತ್ತಿದ್ದಾಗ ಮೀಸೆ ಓಡೋಡಿ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಹುರಿ ಮಾಡಿದ ಮೀಸೆ.

“ಅಕ್ಕಾ, ಆ ಬಟ್ಟೆ ಕಿತ್ತು ಹಾಕ್ಬೇಕು. ಮರೆತೇ ಬಿಟ್ಟಿದ್ದೆ ನೋಡು!”

“ಹತ್ತಬೇಡ, ಹತ್ತಬೇಡ! ನೆಲವೆಲ್ಲ ಒದ್ದೆ. ಬೂಟಿನ ಗುರುತು ಬಿದ್ರೆ ಸಾಹೇಬ್ರು ನನ್ನ ಚರ್ಮ ಸುಲೀತಾರೆ. ನಾನೇ ತೆಗೀತೀನಿ ಹೋಗು.”

“ಮರೀಬೇಡ ಮತ್ತೆ.”

“ನಾನು ಏನನ್ನೂ ಮರೆಯೋಳಲ್ಲ ತಮ್ಮಾ.”

ಅವನು ನಿಶ್ಚಿಂತೆಯಿಂದ ಅಧಿಕಾರಿಗಳ ಕಡೆಗೆ ಹೋದ. ಅವಳು ಪೆಟ್ಟಿಗೆಯ ಮುಚ್ಚಳದ ಮೇಲಿನ ಧೂಳು ಒರೆಸಿದಳು. ಒರೆಸಿ, ಬಕೆಟ್ಟು ಎತ್ತಿಕೊಂಡು ಇಳಿದಳು.

ಅಂಗಳದ ಪಕ್ಕದ ತೊಳೆಯುವ ಕಟ್ಟೆಯ ಮೇಲೆ ನಿಂತರೆ ಗೋಡೆಯ ಎರಡೂ ಬದಿ ಕಾಣುತ್ತಿತ್ತು. ಬ್ರಷ್ ಹಿಡಿದು ಕೆಲಸ ಮಾಡುವಂತೆ ನಟಿಸುತ್ತ ಅವಳು ಅಲ್ಲೇ ನಿಂತಳು. ಈಚೆ ಬಸ್ಸು ಗುರುಗುಡುತ್ತಿತ್ತು. ಆಚೆ ತಳ್ಳುಗಾಡಿ. ಅಷ್ಟರಲ್ಲಿ ಅಧಿಕಾರಿಯೊಬ್ಬರು ಅದನ್ನು ನೋಡಿ ಮುಖ ಸಿಂಡರಿಸಿದರು. “ಇದೇನ್ರೀ, ತರಕಾರಿ ಗಾಡಿ ಥರ ಇದೆ. ಫೋಟೋಕ್ಕೆ ಚೆನ್ನಾಗಿರಲ್ಲ. ಬೈಕೇ ಬರ್ಲಿ.”

ಪೆಟ್ಟಿಗೆ ಮೇಡಂ ಏನೋ ಅಡ್ಡಮಾತು ಆಡಿದಳು. ಸಾಹೇಬರು ಅವಳನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸಿದರು. ಪಾರ್ಸೆಲ್ ಕಂಪನಿಯಿಂದ ಬಂದಿದ್ದ ಸವಾರರಲ್ಲಿ ಹೆಲ್ಮೆಟ್ ಹಾಕಿಕೊಂಡ ಒಬ್ಬ ನೆರಳಿನಿಂದ ಹೊರಗೆ ಬಂದು ಬೈಕಿನ ಹತ್ತಿರ ನಿಂತ. ಸೊಂಟ ವಾಲಿಸಿ, ಬಲಗಾಲನ್ನು ಮೊಣಕಾಲಿನ ಕೆಳಗೆ ಎರಡೂ ಕೈಗಳಿಂದ ಹಿಡಿದು, ಸೀಟಿನ ಮೇಲಿಂದ ಮೂಟೆ ದಾಟಿಸುವ ಹಾಗೆ ಆಚೆಗೆ ದಾಟಿಸಿದ.

ಲೋಕದಲ್ಲಿ ಹಾಗೆ ಬೈಕ್ ಹತ್ತುವವನು ಒಬ್ಬನೇ.

ಅಕ್ಕನ ಕೈಯಿಂದ ಬ್ರಷ್ ಜಾರಿತು. ಕೂಗಲು ಬಾಯಿ ತೆರೆದಳು. ಎರಡು ಇಂಜಿನ್ನುಗಳ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಬಸ್ಸು ಹೊರಟಿತ್ತು. ಗಾಜಿನ ಹಿಂದೆ ಮೀಸೆ ನೆಟ್ಟಗೆ ಕೂತಿದ್ದ, ನಿಧಾನಿಸುವ ಲಕ್ಷಣವೇ ಇಲ್ಲ. ಪೆಟ್ಟಿಗೆ ಅರಚುತ್ತದೆ, ಆಗ ಬ್ರೇಕ್ ಹಾಕಿದರಾಯಿತು ಎಂದು ನಂಬಿ ಕೂತವನು. ಬಟ್ಟೆ ತೆಗೆಯುತ್ತೇನೆಂದು ಅವಳು ಕೊಟ್ಟ ಮಾತನ್ನು ನಂಬಿ ಕೂತವನು.

ಸೋಪುನೀರು ತುಂಬಿದ ಬಕೆಟ್ಟನ್ನು ಎದೆಗವಚಿಕೊಂಡು ಅವಳು ಓಡಿದಳು. ರಬ್ಬರ್ ಬೂಟುಗಳಲ್ಲಿ, ಜಾರುತ್ತ, ಬಸ್ಸಿನ ಮೂತಿಗೆ ಎದುರಾಗಿ. ಮೂಲೆಗೆ ಇನ್ನು ಬಸ್ಸಿನುದ್ದವೂ ಉಳಿದಿರಲಿಲ್ಲ. ಬಕೆಟ್ಟನ್ನು ಎರಡೂ ಕೈಯಲ್ಲಿ ಬೀಸಿ ಅಷ್ಟೂ ನೀರನ್ನು ಗಾಜಿಗೆ ಎರಚಿದಳು. ನೊರೆ ಗಾಜಿನ ತುಂಬ ಹರಡಿತು. ಕಣ್ಣು ಕಟ್ಟಿದಂತಾದ ಮೀಸೆ ಬ್ರೇಕಿನ ಮೇಲೆ ನಿಂತೇಬಿಟ್ಟ. ಬಸ್ಸು ಮುಗ್ಗರಿಸಿ ನಿಂತಿತು. ಗೋಡೆಯ ಆಚೆಯಿಂದ ಬಂದ ಬೈಕು ಬಸ್ಸಿನ ಮೂತಿಯನ್ನು ಸವರಿಕೊಂಡಂತೆ ಹಾದು, ಮುಂದೆ ಹೋಗಿ ನಿಂತಿತು.

ಯಾರಾದರೂ ಬಾಯಿ ತೆರೆಯುವ ಮೊದಲೇ ಅಕ್ಕ ಬಸ್ಸು ಹತ್ತಿದ್ದಳು. ಮುಚ್ಚಳ ಕಿತ್ತು, ಉಗುರು ಹಾಕಿ ಬಟ್ಟೆ ಎಳೆದಳು. ಅದು ಹೊರಗೆ ಬಂದದ್ದೇ ತಡ, ಪೆಟ್ಟಿಗೆ ಅಂಗಳವೆಲ್ಲ ಬಿರಿಯುವಂತೆ ಅರಚಿತು.

ಹೊರಗೆ ಚಪ್ಪಾಳೆ!

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅಧಿಕಾರಿಗಳು ಚಪ್ಪಾಳೆ ತಟ್ಟುತ್ತಿದ್ದರು. ಬಸ್ಸು ನಿಂತಿದೆ, ಪೆಟ್ಟಿಗೆ ಕೂಗುತ್ತಿದೆ, ಬೈಕು ಉಳಿದಿದೆ, ಮತ್ತೇನು ಬೇಕು? ನಡುವೆ ಯಾರೋ ಕೆಲಸದವಳು ಜಾರಿ ನೀರು ಚೆಲ್ಲಿದಳು, ಅಷ್ಟೆ. ಪೆಟ್ಟಿಗೆ ಮೇಡಂ ಒಬ್ಬಳು ಮಾತ್ರ ಚಪ್ಪಾಳೆ ತಟ್ಟದೆ ಹುಬ್ಬು ಗಂಟಿಕ್ಕಿ ನಿಂತಿದ್ದಳು. ಸಾಹೇಬರು ಅವಳನ್ನು ಫೋಟೋಕ್ಕೆಂದು ಎಳೆದುಕೊಂಡು ಹೋದರು.

ಮೀಸೆ ಬೆವರು ಒರೆಸಿಕೊಳ್ಳುತ್ತ ಅಕ್ಕನ ಕೈಯಲ್ಲಿದ್ದ ಬಟ್ಟೆ ನೋಡಿದ. “ತೆಗೆಯೋಕೆ ಮರೆತಿದ್ಯಾ? ಹೋಗ್ಲಿ ಬಿಡು, ಹೊತ್ತಿಗೆ ಸರಿಯಾಗಿ ನೆನಪಾಯ್ತಲ್ಲ. ನನ್ನ ಮಾನ ಉಳಿಸಿದೆ ಅಕ್ಕಾ. ನಿನ್ನ ಋಣ ತೀರ್ಸೋಕಾಗಲ್ಲ.”

“ಇಳಿದು ಬಾ. ತೀರಿಸೋ ದಾರಿ ಹೇಳ್ತೀನಿ.”

ತೊಳೆಯುವ ಕಟ್ಟೆಯ ಹಿಂದೆ ಅವಳು ಚೀಲದಿಂದ ಅಂಗಿ ತೆಗೆದು ಕಲ್ಲಿನ ಮೇಲೆ ಹಾಸಿದಳು. ತೋಳು ಇಲ್ಲದ ಜಾಗಕ್ಕೆ ಆ ಬಟ್ಟೆಯನ್ನು ಹೊಂದಿಸಿಟ್ಟಳು.

“ಏನಿದು?” ಮೀಸೆ ಕೇಳಿದ.

“ಈಗ ಬೈಕಲ್ಲಿ ಹೋದನಲ್ಲ, ಅವನ ಅಂಗಿ. ನನ್ನ ಮಗ. ಸಿಗ್ನಲ್ ಹತ್ರ ನಿನ್ನ ಬಸ್ಸಿನ ಅಡಿಗೆ ಹೋದಾಗ ತೊಟ್ಟಿದ್ದು. ಎಲ್ಲಿಂದಲೋ ನುಗ್ಗಿದ ಅಂದೆಯಲ್ಲ, ಅವನೇ.”

ಮೀಸೆಯ ಕೈ ತಾನಾಗಿ ಎದೆಯ ಬಿಲ್ಲೆಯ ಮೇಲೆ ಹೋಯಿತು. ಅವಳ ಮುಖ ನೋಡಿದ, ಅಂಗಿ ನೋಡಿದ, ಮತ್ತೆ ಮುಖ ನೋಡಿದ. “ಹಾಗಾದ್ರೆ... ಬೆಳಿಗ್ಗೆ ನೀನು ಬೇಕೂಂತಲೇ...”

“ಬೇಕೂಂತಲೇ. ತಳ್ಳುಗಾಡಿ ಅಂದ್ಕೊಂಡಿದ್ದೆ.”

ಅವನು ಕಟ್ಟೆಯ ಅಂಚಿಗೆ ಕೂತ. ನಗು, ಮಾತು, ಪೆಪ್ಪರಮಿಂಟು ಎಲ್ಲ ಎಲ್ಲಿಗೋ ಹೋಗಿ ಬರೀ ಮೀಸೆ ಉಳಿದಿತ್ತು. ನೆಲ ನೋಡುತ್ತ ಹೇಳಿದ: “ಅವತ್ತು ನಾನು ಕನ್ನಡಿ ನೋಡಿರ್ಲಿಲ್ಲ ಅಕ್ಕಾ. ಬಡಿದ ಸದ್ದು ಕೇಳ್ತು. ಯಾರೋ ಬಸ್ ನಿಲ್ಸೋಕೆ ತಟ್ತಿದಾರೆ ಅಂದ್ಕೊಂಡೆ. ತಡ ಆಗಿತ್ತು.”

ಈ ಮಾತಿಗಾಗಿ ಅವಳು ಎಷ್ಟು ಬಕೆಟ್ಟು ನೀರು ಹೊತ್ತಿದ್ದಳು! ಬಂದ ಮೇಲೆ ನೋಡಿದರೆ ಹೊಟ್ಟೆಯೊಳಗಿನ ಕೆಂಡ ಇದ್ದಲ್ಲೇ ಇತ್ತು.

“ಹೇಳ್ಬಿಟ್ಟೆ ಅಕ್ಕಾ. ಕಾಲಿಗೆ ಬೀಳ್ತೀನಿ. ಇಲ್ಲಿಗೆ ಬಿಟ್ಬಿಡು.”

“ನನಗೆ ಹೇಳಿದೆ. ವಿಚಾರಣೇಲಿ ಬರ್ಕೊಂಡಿದಾರಲ್ಲ, ಅವರಿಗೆ ಯಾರು ಹೇಳ್ತಾರೆ?”

“ನನ್ನ ಕೆಲ್ಸ ಹೋಗುತ್ತೆ. ನಿಂದೂ ಹೋಗುತ್ತೆ. ಆ ಬಟ್ಟೆ ಕೊಟ್ಟೋಳು ನೀನೇ ಅಲ್ವಾ?”

ಅವಳು ಅಂಗಿ ಮಡಚಿಕೊಂಡು ಎದ್ದಳು. “ನಾಳೆ ಬೆಳಿಗ್ಗೆ ದೊಡ್ಡ ಆಫೀಸಿಗೆ ಕಾಗದ ಹಾಕ್ತೀನಿ,” ಅಂದಳು.

ಮನೆಗೆ ಬಂದರೆ ಮಗ ಕಾಲು ಚಾಚಿ ಕೂತು ತನ್ನಷ್ಟಕ್ಕೆ ನಗುತ್ತಿದ್ದ. “ಏನಮ್ಮಾ, ಸರ್ಕಸ್ ಸೇರ್ತೀಯಾ? ಬಕೆಟ್ ಎತ್ಕೊಂಡು ಓಡಿದ್ದೇ ಓಡಿದ್ದು! ಎಲ್ರೂ ‘ಯಾರೋ ಆ ಮುದುಕಿ’ ಅಂತ ನಗ್ತಿದ್ರು. ನಮ್ಮಮ್ಮ ಅನ್ನೋಕೆ ನಾಚಿಕೆ ಆಯ್ತು.”

“ನೀನು ಬರ್ತೀಯ ಅಂತ ನನಗ್ಯಾಕೆ ಹೇಳ್ಲಿಲ್ಲ ಮುಂಡೇದೇ?”

“ಹೇಳಿದ್ರೆ ಬಿಡ್ತಿದ್ಯಾ? ಪರೀಕ್ಷೆ ನೋಡೋಕೆ ಅಂತ ಮೇಡಂ ಸವಾರರನ್ನೂ ಕರೆಸಿದ್ರು. ಬೈಕೇ ಬರ್ಲಿ ಅಂದಾಗ ಮೊದಲು ಕೈ ಎತ್ತಿದೋನು ನಾನೇ.” ನಗು ನಿಂತಿತು. ಅವನು ಮಡಚದ ಮೊಣಕಾಲನ್ನು ಸವರಿಕೊಂಡ. “ಅವತ್ತು ಎಷ್ಟು ಕೂಗಿದೆ ಅಮ್ಮ, ಯಾರಿಗೂ ಕೇಳ್ಲಿಲ್ಲ. ಇದು ನನ್ನ ಪರವಾಗಿ ಕೂಗುತ್ತೆ. ಇವತ್ತು ಕೇಳಿದ್ಯಲ್ಲ, ಎಂಥ ಕೂಗು! ಇನ್ನು ನಾನು ಬಸ್ ಪಕ್ಕದಲ್ಲಿ ಹೆದ್ರಿಕೊಂಡು ಓಡಿಸ್ಬೇಕಾಗಿಲ್ಲ.”

ಅಕ್ಕ ಒಲೆಯ ಕಡೆ ತಿರುಗಿ ನಿಂತಳು. ಕೇಳಿದ್ದಳು. ಅದನ್ನು ಕೂಗಿಸಿದ ಕೈ ಯಾವುದೆಂದೂ ಗೊತ್ತಿತ್ತು. ನಾಳೆ ಬೆಳಿಗ್ಗೆ ಇವನು ಆ ಕೂಗನ್ನು ನಂಬಿಕೊಂಡು ಹತ್ತಿ ತುರುಕಿದ ಬಸ್ಸಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ, ಸ್ಪಂಜು ತುರುಕಿದ ಬಸ್ಸಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ.

“ನಂಬಬೇಡ ಅದನ್ನ,” ಅಂದಳು, ತಿರುಗದೆ. “ಅದಕ್ಕೆ ಬಾಯಿ ಇಲ್ಲ. ಬಾಯಿಗೆ ಬಟ್ಟೆ ತುರುಕಿದಾರೆ. ನನ್ನ ಕೈಯಾರೆ ಕೊಟ್ಟ ಬಟ್ಟೆ.”

ಮಗ ಮೊದಲು ತಮಾಷೆ ಅಂದುಕೊಂಡ. ಅವಳು ಎಲ್ಲವನ್ನೂ ಹೇಳಿದಳು, ಅಂಗಿಯನ್ನು ಮುಂದೆ ಹಾಕಿದಳು. ಅವನು ತೋಳಿನ ತುಂಡನ್ನು ಕೈಗೆತ್ತಿಕೊಂಡು ಕಲೆಯ ಮೇಲೆ ಬೆರಳಾಡಿಸಿದ. “ನನ್ನ ಅಂಗೀನ ಕೇಳದೆ ಕತ್ತರಿಸಿದ್ಯಲ್ಲಮ್ಮ,” ಎಂದಷ್ಟೇ ಹೇಳಿ ಮುಖ ತಿರುಗಿಸಿ ಮಲಗಿಬಿಟ್ಟ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅಕ್ಕ ಬಿಸ್ಕತ್ತಿನ ಡಬ್ಬ ತೆಗೆದಳು. ಹಳೆಯ ಕಾಗದದಲ್ಲಿ ಇದ್ದದ್ದು ಒಬ್ಬನ ಹೆಸರು, ಒಬ್ಬನ ತಪ್ಪು. ಅದನ್ನು ಹರಿಯಲಿಲ್ಲ, ಒಂದು ಅಕ್ಷರವನ್ನೂ ಮೆದುಗೊಳಿಸಲಿಲ್ಲ. ಕನ್ನಡಿ ನೋಡಿರಲಿಲ್ಲವೆಂದು ಅವನೇ ಬಾಯಿಬಿಟ್ಟದ್ದನ್ನು ಅಂಚಿನಲ್ಲಿ ಸೇರಿಸಿದಳು. ಆಮೇಲೆ ಹೊಸ ಹಾಳೆ ತೆಗೆದುಕೊಂಡಳು. ನೀವು ಚಪ್ಪಾಳೆ ತಟ್ಟಿದ ಪರೀಕ್ಷೆ ಸುಳ್ಳು ಎಂದು ಬರೆದಳು. ಬಸ್ಸು ನಿಲ್ಲಿಸಿದ್ದು ಸೋಪುನೀರು. ಪೆಟ್ಟಿಗೆಗಳು ನಿಂತ ಬೈಕಿಗೂ ಅರಚುತ್ತವೆ, ಆದ್ದರಿಂದ ಎಲ್ಲ ಬಸ್ಸುಗಳಲ್ಲೂ ಬಾಯಿ ಕಟ್ಟಿದ್ದಾರೆ, ಏನಾದರೂ ಮಾಡಿಕೊಳ್ಳಿ ಎಂದವರು ಡಿಪೋ ಸಾಹೇಬರು. ಅದನ್ನು ಪೆಟ್ಟಿಗೆ ಮೇಡಂಗೆ ತಿಳಿಸಿ, ಕಾರಿಗೆ ಹೊಲಿದ ಅಂಗಿ ಅಂದರಲ್ಲ, ಅದನ್ನು ಅವರು ಬೈಕಿನ ಅಳತೆಗೆ ಹೊಲಿಯಲಿ. ಕೊನೆಯ ಸಾಲು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆ ಬಟ್ಟೆ ಕೊಟ್ಟವಳು ನಾನು, ತೆಗೆಯುತ್ತೇನೆಂದು ಹೇಳಿ ತೆಗೆಯದೆ ಬಿಟ್ಟವಳೂ ನಾನು. ಕೆಳಗೆ ಸಹಿ ಹಾಕಿದಳು. ನೀಲಿ ಚೌಕಳಿಯಿಂದ ಬೆರಳಗಲದ ಚೂರು ಕತ್ತರಿಸಿ ಹಾಳೆಯ ನಡುವೆ ಇಟ್ಟಳು.

ಬೆಳಿಗ್ಗೆ ಅಂಚೆಪೆಟ್ಟಿಗೆಯ ಹತ್ತಿರ ಮೀಸೆ ಕಾದು ನಿಂತಿದ್ದ. ಡಿಪೋಗೆ ಹೋಗುವ ದಾರಿ ಅದೇ. ಎದೆಯ ಮೇಲೆ ಬಿಲ್ಲೆ ಇರಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

“ತಗೋ ಅಕ್ಕಾ, ಇದನ್ನ ನೀನೇ ಇಟ್ಕೋ. ಕಾಗದ ಮಾತ್ರ ಬೇಡ.”

“ಅದನ್ನ ನಾನಿಟ್ಕೊಂಡು ಪಾತ್ರೆ ಉಜ್ಜಲಾ? ಕೊಟ್ಟೋರಿಗೇ ವಾಪಸ್ ಕೊಡು.”

“ನಿನಗೂ ಅನ್ನ ಇರಲ್ಲ, ಯೋಚನೆ ಮಾಡು.”

“ಮಾಡಿದೀನಿ. ಒಂದೇ ಬೆಂಚಲ್ಲಿ ಕೂತ್ಕೊಳ್ಳೋಣ ತಮ್ಮಾ, ವಿಚಾರಣೆ ಕೋಣೆ ಹೊರಗೆ. ಈ ಸಲ ನನ್ನ ಕಾಲು ದಾಟ್ಕೊಂಡು ಹೋಗೋಕಾಗಲ್ಲ ನಿನಗೆ.”

ಲಕೋಟೆ ದಪ್ಪವಾಗಿತ್ತು, ಹಳೆಯ ಸ್ಟಾಂಪಿನ ಪಕ್ಕದಲ್ಲಿ ಇನ್ನೊಂದು ಸ್ಟಾಂಪು ಅಂಟಿಸಿದ್ದಳು. ಅಂಚೆಪೆಟ್ಟಿಗೆಯ ಬಾಯಿಗೆ ಒಡ್ಡಿದಾಗ ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳು ಹೆಬ್ಬೆರಳಿನಿಂದ ಒತ್ತಿದಳು. ಒಳಗೆ ಬಿದ್ದ ಸದ್ದು ಕೇಳಿಸಿತು. ಆದರೂ ಎರಡು ಬೆರಳು ಒಳಗೆ ಹಾಕಿ ಆಡಿಸಿ, ಎಲ್ಲೂ ಏನೂ ಅಡ್ಡ ನಿಂತಿಲ್ಲವೆಂದು ನೋಡಿಕೊಂಡು, ಬಕೆಟ್ಟು ತುಂಬಲು ಡಿಪೋದ ಕಡೆಗೆ ನಡೆದಳು.